ತಪ್ಪು ಮಾಡುತ್ತಾ ಕಲಿತ ಯಂತ್ರ: ಫ್ರಾಂಕ್ ರೋಸೆನ್‌ಬ್ಲಾಟ್ ಅವರ ಬದುಕು

ಮೊಬೈಲನ್ನು ಮುಖದ ಎದುರು ಹಿಡಿದರೆ ಸಾಕು, ಅದರ ಬೀಗ ತೆರೆದುಕೊಳ್ಳುತ್ತದೆ. ಹೆದ್ದಾರಿಯ ಕ್ಯಾಮೆರಾ ಓಡುವ ವಾಹನದ ನಂಬರ್ ಪ್ಲೇಟ್ ಓದುತ್ತದೆ. ಸಕ್ಕರೆ ಕಾಯಿಲೆಯಿಂದ ಕಣ್ಣಿಗೆ ಹಾನಿಯಾಗಿದೆಯೇ ಎಂದು ಅಕ್ಷಿಪಟಲದ ಫೋಟೋ ನೋಡಿ ಕಂಪ್ಯೂಟರ್ ಹೇಳುತ್ತದೆ. ಯಂತ್ರ ನೋಡುವುದು, ನೋಡಿದ್ದನ್ನು ಗುರುತಿಸುವುದು ಇಂದು ನಮಗೆ ಅಚ್ಚರಿಯ ವಿಷಯವಾಗಿ ಉಳಿದಿಲ್ಲ.

ಆದರೆ ಈ ಯಂತ್ರಗಳಿಗೆ ಮುಖ ಎಂದರೆ ಹೀಗಿರುತ್ತದೆ, ಅಕ್ಷರ ಎಂದರೆ ಹೀಗಿರುತ್ತದೆ ಎಂದು ಯಾರೂ ಒಂದೊಂದಾಗಿ ಹೇಳಿಕೊಟ್ಟಿಲ್ಲ. ಅವುಗಳ ಮುಂದೆ ಸಾವಿರಾರು, ಲಕ್ಷಾಂತರ ಚಿತ್ರಗಳನ್ನು ಇಡಲಾಯಿತು. ಅವು ಉತ್ತರ ಹೇಳಿದವು, ತಪ್ಪಿದವು, ತಪ್ಪಿದಾಗಲೆಲ್ಲ ತಮ್ಮನ್ನು ತಾವೇ ಸ್ವಲ್ಪ ತಿದ್ದಿಕೊಂಡವು. ಕಲಿಯುವ ಈ ಕ್ರಮವನ್ನು 1950ರ ದಶಕದಲ್ಲಿಯೇ ಯಂತ್ರವೊಂದರಲ್ಲಿ ಕಟ್ಟಿ ತೋರಿಸಿದವರು ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್. ಅವರು ಎಂಜಿನಿಯರ್ ಆಗಿರಲಿಲ್ಲ, ಮನಶ್ಶಾಸ್ತ್ರಜ್ಞರಾಗಿದ್ದರು. 30ನೇ ವಯಸ್ಸಿಗೆ ಪತ್ರಿಕೆಗಳ ಮುಖ್ಯ ಸುದ್ದಿಯಾದ ಅವರು 41ನೇ ವಯಸ್ಸಿಗೆ ತಮ್ಮ ಕೆಲಸವನ್ನು ಬಹುತೇಕ ಎಲ್ಲರೂ ಕೈಬಿಟ್ಟದ್ದನ್ನು ಕಂಡರು. ಆ ಕೆಲಸ ಮತ್ತೆ ತಲೆಯೆತ್ತುವುದನ್ನು ನೋಡಲು ಅವರು ಬದುಕಿರಲಿಲ್ಲ.

ಓದಿನ ದಿನಗಳು

ರೋಸೆನ್‌ಬ್ಲಾಟ್ ಹುಟ್ಟಿದ್ದು 1928ರ ಜುಲೈ 11ರಂದು, ನ್ಯೂಯಾರ್ಕ್ ರಾಜ್ಯದ ನ್ಯೂ ರೋಷೆಲ್ ಎಂಬ ಪಟ್ಟಣದಲ್ಲಿ. ಶಾಲಾ ಶಿಕ್ಷಣ ನಡೆದದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಹೈಸ್ಕೂಲ್ ಆಫ್ ಸೈನ್ಸ್‌ನಲ್ಲಿ. ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆ ಅದು. ಅಲ್ಲಿ ಅವರಿಗಿಂತ ಒಂದು ವರ್ಷ ಮುಂದೆ ಓದುತ್ತಿದ್ದ ಹುಡುಗನ ಹೆಸರು ಮಾರ್ವಿನ್ ಮಿನ್ಸ್ಕಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ.

ಅಲ್ಲಿಂದ ಅವರು ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದರು. 1950ರಲ್ಲಿ ಪದವಿ, 1956ರಲ್ಲಿ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್. ಮನುಷ್ಯರ ಸ್ವಭಾವವನ್ನು ಪ್ರಶ್ನಾವಳಿಗಳ ಮೂಲಕ ಅಳೆಯುವುದು ಅವರ ಸಂಶೋಧನೆಯ ವಿಷಯವಾಗಿತ್ತು. ವಿದ್ಯಾರ್ಥಿಗಳು ತುಂಬಿದ ಉತ್ತರಗಳ ರಾಶಿಯನ್ನು ಕೈಯಲ್ಲಿ ಲೆಕ್ಕ ಹಾಕಲು ತಿಂಗಳುಗಳು ಬೇಕಾಗುತ್ತಿದ್ದವು. ಇದಕ್ಕಾಗಿ ಅವರು ತಾವೇ ಒಂದು ವಿಶೇಷ ಲೆಕ್ಕದ ಯಂತ್ರವನ್ನು ರೂಪಿಸಿದರು. ಮನಸ್ಸನ್ನು ಓದುವವನು ಬೆಸುಗೆ ಕಡ್ಡಿ ಹಿಡಿಯಬಾರದು ಎಂಬ ಗೆರೆಯನ್ನು ಅವರು ಎಂದೂ ಒಪ್ಪಲಿಲ್ಲ. ಮುಂದಿನ ಎಲ್ಲ ಕೆಲಸದ ಗುಟ್ಟೂ ಇದೇ.

ಅಂದಿನ ದೊಡ್ಡ ಪ್ರಶ್ನೆ

ಆ ಕಾಲಕ್ಕೆ ಕಂಪ್ಯೂಟರ್ ಹೊಸದು. ಮನುಷ್ಯ ಬರೆದುಕೊಟ್ಟ ಸೂಚನೆಗಳನ್ನು ಸಾಲಾಗಿ ಪಾಲಿಸುವುದೇ ಅದರ ಕೆಲಸ. ಲೆಕ್ಕಕ್ಕೆ ಇದು ಸರಿ. ಆದರೆ ನೋಡುವ ಕೆಲಸಕ್ಕೆ ಸೂಚನೆ ಬರೆಯುವುದು ಹೇಗೆ? ಒಂದೇ ಅಕ್ಷರವನ್ನು ನಮ್ಮ ತರಗತಿಯ 60 ಜನ 60 ರೀತಿಯಲ್ಲಿ ಬರೆಯುತ್ತೇವೆ. ಒಬ್ಬರದ್ದು ಓರೆ, ಒಬ್ಬರದ್ದು ದುಂಡು, ಒಬ್ಬರದ್ದು ಅವಸರದ ಗೀಚು. ನಾವು ಎಲ್ಲವನ್ನೂ ಓದುತ್ತೇವೆ. ಹೇಗೆ ಓದುತ್ತೇವೆ ಎಂದು ಕೇಳಿದರೆ ನಿಯಮ ಹೇಳಲು ಬರುವುದಿಲ್ಲ. ನಿಯಮವೇ ಗೊತ್ತಿಲ್ಲದಿದ್ದರೆ ಯಂತ್ರಕ್ಕೆ ಹೇಳಿಕೊಡುವುದು ಏನನ್ನು?

ರೋಸೆನ್‌ಬ್ಲಾಟ್ ಅವರಿಗೆ ಮೂವರು ಹಿರಿಯರ ಕೆಲಸ ದಾರಿ ತೋರಿತು. 1943ರಲ್ಲಿ ವಾರನ್ ಮೆಕ್ಕಲಕ್ ಮತ್ತು ವಾಲ್ಟರ್ ಪಿಟ್ಸ್ ಎಂಬವರು ಮೆದುಳಿನ ನರಕೋಶವನ್ನು ಗಣಿತದ ಭಾಷೆಯಲ್ಲಿ ಬರೆದಿದ್ದರು. ತನಗೆ ಬರುವ ಸಂಕೇತಗಳ ಮೊತ್ತ ಒಂದು ಮಿತಿ ದಾಟಿದರೆ ಕೋಶ ಹೌದು ಎನ್ನುತ್ತದೆ, ದಾಟದಿದ್ದರೆ ಸುಮ್ಮನಿರುತ್ತದೆ ಎಂಬುದು ಅದರ ಸಾರ. 1949ರಲ್ಲಿ ಕೆನಡಾದ ಡೊನಾಲ್ಡ್ ಹೆಬ್, ಕಲಿಕೆ ಎಂದರೆ ನರಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗುವುದು ಎಂದು ವಾದಿಸಿದ್ದರು. ಈ ಎರಡನ್ನೂ ಜೋಡಿಸಿ, ಅನುಭವದಿಂದ ತನ್ನ ಸಂಪರ್ಕಗಳನ್ನು ತಾನೇ ಬದಲಿಸಿಕೊಳ್ಳುವ ಒಂದು ಜಾಲವನ್ನು ರೋಸೆನ್‌ಬ್ಲಾಟ್ ಕಲ್ಪಿಸಿದರು. ಅದಕ್ಕೆ ಅವರಿಟ್ಟ ಹೆಸರು ಪರ್ಸೆಪ್ಟ್ರಾನ್. ಬಫಲೋ ನಗರದಲ್ಲಿದ್ದ ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದಾಗ, 1957ರ ಜನವರಿಯಲ್ಲಿ, ಇದರ ಮೊದಲ ವರದಿ ಬರೆದರು. ಹಣ ಕೊಟ್ಟದ್ದು ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ.

ಯಂತ್ರ ಕಲಿಯುವುದು ಹೇಗೆ?

ಇದನ್ನು ಅರ್ಥಮಾಡಿಕೊಳ್ಳಲು ಕೂಡುವುದು, ಕಳೆಯುವುದು ಗೊತ್ತಿದ್ದರೆ ಸಾಕು. ಪೆನ್ನು ತೆಗೆದುಕೊಂಡು ಜೊತೆಗೇ ಲೆಕ್ಕ ಹಾಕಿ ನೋಡಿ.

ನಾಲ್ಕು ಬೆಳಕಿನ ಕಣ್ಣುಗಳನ್ನು ಸಾಲಾಗಿ ಇಡೋಣ. 1 ಮತ್ತು 2 ಎಡಭಾಗದಲ್ಲಿ, 3 ಮತ್ತು 4 ಬಲಭಾಗದಲ್ಲಿ. ಎದುರಿಗೆ ಒಂದು ಕಾರ್ಡ್ ಹಿಡಿದಾಗ ಗುರುತು ಇರುವ ಕಡೆಯ ಕಣ್ಣು ಹೊತ್ತಿಕೊಳ್ಳುತ್ತದೆ. ಗುರುತು ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಯಂತ್ರ ಹೇಳಬೇಕು. ಪ್ರತಿ ಕಣ್ಣಿಗೂ ಒಂದು ತೂಕ, ಅಂದರೆ ಒಂದು ಸಂಖ್ಯೆ ಇರುತ್ತದೆ. ಹೊತ್ತಿದ ಕಣ್ಣುಗಳ ತೂಕ ಕೂಡಿ, ಮೊತ್ತ ಸೊನ್ನೆಗಿಂತ ಹೆಚ್ಚಾದರೆ ಯಂತ್ರ ಎಡ ಎನ್ನುತ್ತದೆ, ಇಲ್ಲದಿದ್ದರೆ ಬಲ ಎನ್ನುತ್ತದೆ.

ಆರಂಭದಲ್ಲಿ ತೂಕಗಳನ್ನು ಮನಸ್ಸಿಗೆ ಬಂದಂತೆ ಇಡೋಣ: 2, –1, 1, 3. ಈಗ ಯಂತ್ರಕ್ಕೆ ಏನೂ ಗೊತ್ತಿಲ್ಲ. ಕಲಿಸುವ ನಿಯಮ ಇಷ್ಟೇ: ಉತ್ತರ ಸರಿಯಾದರೆ ಏನನ್ನೂ ಮುಟ್ಟಬಾರದು. ಎಡ ಎನ್ನಬೇಕಾದಲ್ಲಿ ಬಲ ಎಂದರೆ ಹೊತ್ತಿದ ಕಣ್ಣುಗಳ ತೂಕಕ್ಕೆ 1 ಕೂಡಬೇಕು. ಬಲ ಎನ್ನಬೇಕಾದಲ್ಲಿ ಎಡ ಎಂದರೆ 1 ಕಳೆಯಬೇಕು.

ಮೊದಲ ಕಾರ್ಡ್: 1 ಮತ್ತು 2 ಹೊತ್ತಿವೆ. ಮೊತ್ತ 2 – 1 = 1. ಯಂತ್ರ ಎಡ ಎಂದಿತು. ಸರಿ, ಏನನ್ನೂ ಮುಟ್ಟುವುದಿಲ್ಲ.

ಎರಡನೇ ಕಾರ್ಡ್: 3 ಮತ್ತು 4 ಹೊತ್ತಿವೆ. ಮೊತ್ತ 1 + 3 = 4. ಯಂತ್ರ ಎಡ ಎಂದಿತು, ತಪ್ಪು. ಎರಡರಿಂದಲೂ 1 ಕಳೆದರೆ 0 ಮತ್ತು 2. ಮೊತ್ತ 2, ಮತ್ತೆ ತಪ್ಪು. ಇನ್ನೊಮ್ಮೆ ಕಳೆದರೆ –1 ಮತ್ತು 1. ಮೊತ್ತ 0, ಯಂತ್ರ ಬಲ ಎನ್ನುತ್ತದೆ. ಸರಿ.

ಮೂರನೇ ಕಾರ್ಡ್: 2 ಮಾತ್ರ ಹೊತ್ತಿದೆ. ತೂಕ –1, ಯಂತ್ರ ಬಲ ಎಂದಿತು, ತಪ್ಪು. ಎರಡು ಸಲ ತಿದ್ದಿದ ಮೇಲೆ ತೂಕ 1 ಆಗುತ್ತದೆ, ಉತ್ತರ ಎಡ.

ನಾಲ್ಕನೇ ಕಾರ್ಡ್: 4 ಮಾತ್ರ ಹೊತ್ತಿದೆ. ತೂಕ 1, ಯಂತ್ರ ಎಡ ಎಂದಿತು, ತಪ್ಪು. ಒಂದು ಸಲ ತಿದ್ದಿದರೆ 0, ಉತ್ತರ ಬಲ.

ಈಗ ತೂಕಗಳು 2, 1, –1, 0. ಹಿಂದಿನ ನಾಲ್ಕೂ ಕಾರ್ಡುಗಳನ್ನು ಮತ್ತೆ ತೋರಿಸಿ, ಎಲ್ಲಕ್ಕೂ ಸರಿ ಉತ್ತರ ಬರುತ್ತದೆ. ಈಗ ಇದುವರೆಗೆ ತೋರಿಸದ ಕಾರ್ಡ್ ಹಿಡಿಯಿರಿ. 1 ಮಾತ್ರ ಹೊತ್ತಿದರೆ ಮೊತ್ತ 2, ಎಡ. 3 ಮಾತ್ರ ಹೊತ್ತಿದರೆ ಮೊತ್ತ –1, ಬಲ. ಎರಡೂ ಸರಿ! ಕಂಡದ್ದನ್ನು ಕಲಿತು ಕಾಣದ್ದನ್ನೂ ಅದು ಗುರುತಿಸಿತು. ಎಡ ಎಂದರೇನು ಎಂದು ನಾವು ಅದಕ್ಕೆ ಎಲ್ಲೂ ಹೇಳಲಿಲ್ಲ, ತಪ್ಪಿದಾಗ ತಪ್ಪು ಎಂದೆವು, ಅಷ್ಟೇ.

ಇದರ ಹಿಂದೆ ಒಂದು ಗಟ್ಟಿ ಪ್ರಮೇಯವೂ ಇದೆ. ಸರಿ ಉತ್ತರ ಕೊಡುವ ತೂಕಗಳು ಎಲ್ಲಾದರೂ ಇರುವುದೇ ಆದರೆ, ಈ ತಿದ್ದುವ ನಿಯಮ ಲೆಕ್ಕವಿಡಬಹುದಾದಷ್ಟು ಹೆಜ್ಜೆಗಳಲ್ಲಿ ಅಂಥ ತೂಕಗಳನ್ನು ಖಂಡಿತ ತಲುಪುತ್ತದೆ. ಯಂತ್ರ ಕಲಿಯಬಲ್ಲದು ಎನ್ನುವುದಕ್ಕೆ ಗಣಿತದ ಖಾತರಿ ಸಿಕ್ಕಿತು. ಇರುವುದೇ ಆದರೆ ಎಂಬ ಷರತ್ತನ್ನು ಮಾತ್ರ ಗಮನದಲ್ಲಿಡಿ.

ಸುದ್ದಿಮನೆಯ ಸಂಭ್ರಮ

1958ರ ಜುಲೈನಲ್ಲಿ ನೌಕಾಪಡೆ ವಾಷಿಂಗ್ಟನ್‌ನಲ್ಲಿ ಪತ್ರಕರ್ತರನ್ನು ಕರೆದು ಈ ಕೆಲಸವನ್ನು ಪ್ರದರ್ಶಿಸಿತು. ಆಗ ಪ್ರತ್ಯೇಕ ಯಂತ್ರ ಇನ್ನೂ ಸಿದ್ಧವಾಗಿರಲಿಲ್ಲ. ಹವಾಮಾನ ಇಲಾಖೆಯ ಐಬಿಎಂ 704 ಎಂಬ, 20 ಲಕ್ಷ ಡಾಲರ್ ಬೆಲೆಯ ಕಂಪ್ಯೂಟರಿನಲ್ಲಿ ಪರ್ಸೆಪ್ಟ್ರಾನನ್ನು ಅಣಕು ರೂಪದಲ್ಲಿ ನಡೆಸಲಾಯಿತು. ಎಡಕ್ಕೆ ಗುರುತಿರುವ ಕಾರ್ಡು, ಬಲಕ್ಕೆ ಗುರುತಿರುವ ಕಾರ್ಡು ಇವುಗಳ ವ್ಯತ್ಯಾಸವನ್ನು ಅದು ಸುಮಾರು 50 ಪ್ರಯತ್ನಗಳಲ್ಲಿ ಕಲಿತುಕೊಂಡಿತು.

ಕೆಲಸ ಇಷ್ಟೇ ಆದರೂ ಸುದ್ದಿ ಬಹಳ ದೊಡ್ಡದಾಯಿತು. ಮುಂದೆ ಈ ಯಂತ್ರ ನಡೆಯುತ್ತದೆ, ಮಾತನಾಡುತ್ತದೆ, ಬರೆಯುತ್ತದೆ, ತನ್ನಂಥದ್ದನ್ನೇ ಹುಟ್ಟಿಸುತ್ತದೆ, ತಾನಿದ್ದೇನೆ ಎಂಬ ಅರಿವನ್ನೂ ಪಡೆಯುತ್ತದೆ ಎಂದು ನೌಕಾಪಡೆ ನಿರೀಕ್ಷಿಸುತ್ತಿರುವುದಾಗಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಓದಿ ಬರೆಯುವ ಯಂತ್ರ ಒಂದು ವರ್ಷದಲ್ಲಿ ಒಂದು ಲಕ್ಷ ಡಾಲರ್ ಖರ್ಚಿನಲ್ಲಿ ಸಿದ್ಧವಾಗುವ ನಿರೀಕ್ಷೆಯೂ ಆ ವರದಿಯಲ್ಲಿತ್ತು. ಎಡ–ಬಲ ಕಲಿತ ಕೂಸನ್ನು ಪಂಡಿತನೆಂದು ಮೆರವಣಿಗೆ ಮಾಡಿದಂತಾಯಿತು.

ತಪ್ಪು ಪತ್ರಿಕೆಗಳದ್ದು ಮಾತ್ರವಲ್ಲ. ರೋಸೆನ್‌ಬ್ಲಾಟ್ ಅವರೂ ಪತ್ರಕರ್ತರ ಮುಂದೆ ಉತ್ಸಾಹದಿಂದ ದೊಡ್ಡ ಭರವಸೆಗಳನ್ನು ಕೊಟ್ಟಿದ್ದರು. ತಮ್ಮ ಪ್ರಬಂಧಗಳಲ್ಲಿ ಅವರು ಎಚ್ಚರದ ಬರಹಗಾರ. ಇದು ಮೆದುಳಿನ ಕೆಲಸವನ್ನು ಅರಿಯಲು ಕಟ್ಟಿದ ಮಾದರಿಯೇ ಹೊರತು ಮನುಷ್ಯನ ಬದಲಿಗೆ ನಿಲ್ಲಿಸುವ ಯಂತ್ರವಲ್ಲ ಎಂಬುದು ಅವರ ನಿಲುವಾಗಿತ್ತು. ಆದರೆ ಜನರಿಗೆ ತಲುಪಿದ್ದು ಪ್ರಬಂಧವಲ್ಲ, ಪತ್ರಿಕೆಯ ತಲೆಬರಹ. ಈ ಕ್ಷೇತ್ರದಲ್ಲಿ ಬೇರೆ ದಾರಿ ಹಿಡಿದಿದ್ದ ವಿಜ್ಞಾನಿಗಳಿಗೆ ಇದು ಕಿರಿಕಿರಿ ಉಂಟುಮಾಡಿತು.

ಮಾರ್ಕ್ 1

1960ರಲ್ಲಿ ನಿಜವಾದ ಯಂತ್ರ ಪ್ರದರ್ಶನಕ್ಕೆ ಬಂತು. ಅದರ ಹೆಸರು ಮಾರ್ಕ್ 1 ಪರ್ಸೆಪ್ಟ್ರಾನ್. ಅದರ ಕಣ್ಣಿನಲ್ಲಿ ಉದ್ದಕ್ಕೆ 20, ಅಗಲಕ್ಕೆ 20ರಂತೆ 400 ಬೆಳಕಿನ ಕೋಶಗಳಿದ್ದವು. ಇಂದಿನ ಭಾಷೆಯಲ್ಲಿ ಹೇಳುವುದಾದರೆ 400 ಪಿಕ್ಸೆಲ್‌ಗಳ ಕ್ಯಾಮೆರಾ. ನಮ್ಮ ಸಾಧಾರಣ ಮೊಬೈಲಿನ ಕ್ಯಾಮೆರಾದಲ್ಲಿಯೂ ಒಂದು ಕೋಟಿಗಿಂತ ಹೆಚ್ಚು ಪಿಕ್ಸೆಲ್‌ಗಳಿರುತ್ತವೆ. ಈ ಕೋಶಗಳಿಂದ 512 ಮಧ್ಯದ ಘಟಕಗಳಿಗೆ ತಂತಿಗಳು ಹೋಗುತ್ತಿದ್ದವು. ಆ ತಂತಿಗಳನ್ನು ಬೇಕೆಂದೇ ಅಡ್ಡಾದಿಡ್ಡಿ ಜೋಡಿಸಲಾಗಿತ್ತು. ಹುಟ್ಟುವಾಗಲೇ ಎಲ್ಲವನ್ನೂ ತಿಳಿದ ಮೆದುಳು ಬೇಡ, ಅಸ್ತವ್ಯಸ್ತ ಜಾಲವೂ ಅನುಭವದಿಂದ ಕಲಿಯಬಲ್ಲದು ಎಂದು ತೋರಿಸುವುದು ಅದರ ಉದ್ದೇಶ. ಮಧ್ಯದ ಘಟಕಗಳಿಂದ 8 ಉತ್ತರದ ಘಟಕಗಳು.

ತೂಕಗಳನ್ನು ಬದಲಿಸಿದ ರೀತಿ ಇನ್ನೂ ಸೊಗಸು. ಹಳೆಯ ರೇಡಿಯೋದ ಧ್ವನಿ ಏರಿಸುವ ತಿರುಗಣೆ ಗೊತ್ತಲ್ಲ? ಅಂಥದ್ದೇ ತಿರುಗಣೆಗಳಿಗೆ ಪುಟ್ಟ ವಿದ್ಯುತ್ ಮೋಟಾರು ಕಟ್ಟಿದ್ದರು. ಯಂತ್ರ ತಪ್ಪಿದಾಗ ಮೋಟಾರು ತಿರುಗಿ ತಿರುಗಣೆಯನ್ನು ಒಂದಿಷ್ಟು ಜರುಗಿಸುತ್ತಿತ್ತು. ಕಲಿಕೆ ಎಂಬುದು ಅಲ್ಲಿ ಕಿವಿಗೆ ಕೇಳುವ ಸದ್ದಾಗಿತ್ತು. ಮಾರ್ಕ್ 1 ಸರಳ ಆಕಾರಗಳನ್ನೂ ಅಕ್ಷರಗಳನ್ನೂ ಗುರುತಿಸಲು ಕಲಿಯಿತು. ಈ ಯಂತ್ರ ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.

ಇದರ ಬೆನ್ನಿಗೇ ಅವರು ಇಥಾಕಾದಲ್ಲಿ ವಿದ್ಯಾರ್ಥಿಗಳೊಂದಿಗೆ ಸೇರಿ ಮಾತು ಗುರುತಿಸುವ ಇನ್ನೊಂದು ದೊಡ್ಡ ಯಂತ್ರಕ್ಕೆ ಕೈ ಹಾಕಿದರು. ಅದಕ್ಕೆ ಟೋಬರ್ಮೋರಿ ಎಂದು ಹೆಸರಿಟ್ಟರು. ಇಂಗ್ಲಿಷಿನ ಒಂದು ಪ್ರಸಿದ್ಧ ಸಣ್ಣಕಥೆಯಲ್ಲಿ ಬರುವ, ಮಾತು ಕಲಿತ ಬೆಕ್ಕಿನ ಹೆಸರು ಅದು.

ಒಂದು ಗೆರೆಯ ಸೋಲು

ಈಗ ಮಾರ್ವಿನ್ ಮಿನ್ಸ್ಕಿ ಕಥೆಗೆ ಮರಳುತ್ತಾರೆ. ಅವರು ಅಷ್ಟು ಹೊತ್ತಿಗೆ ಎಂಐಟಿಯಲ್ಲಿ ಕೃತಕ ಬುದ್ಧಿಮತ್ತೆಯ ಮುಂಚೂಣಿಯ ಸಂಶೋಧಕರು. ತಾವೂ ಯೌವನದಲ್ಲಿ ನರಜಾಲದ ಯಂತ್ರ ಕಟ್ಟಿ, ಬಳಿಕ ಆ ದಾರಿ ಬಿಟ್ಟವರು. ನಿಯಮ ಮತ್ತು ತರ್ಕಗಳ ಮೂಲಕ ಯಂತ್ರಕ್ಕೆ ಬುದ್ಧಿ ಕೊಡಬೇಕು ಎನ್ನುವುದು ಅವರ ಪಂಥ. ಶಾಲೆಯ ಹಳೆಯ ಗೆಳೆಯರು ವಿಚಾರ ಸಂಕಿರಣಗಳಲ್ಲಿ ಎದುರುಬದುರಾಗಿ ವಾದಿಸುವುದನ್ನು ಕೇಳಲು ಜನ ಸೇರುತ್ತಿದ್ದರು.

1969ರಲ್ಲಿ ಮಿನ್ಸ್ಕಿ ಮತ್ತು ಸೆಮೂರ್ ಪ್ಯಾಪರ್ಟ್ ಸೇರಿ ಪರ್ಸೆಪ್ಟ್ರಾನ್‌ಗಳ ಮೇಲೆಯೇ ಒಂದು ಗಣಿತದ ಪುಸ್ತಕ ಬರೆದರು. ಹಿಂದೆ ಹೇಳಿದ ಷರತ್ತು ನೆನಪಿದೆಯಲ್ಲ? ಸರಿಯಾದ ತೂಕಗಳು ಇರುವುದೇ ಆದರೆ ಎಂದು. ಎಷ್ಟೋ ಸರಳ ಪ್ರಶ್ನೆಗಳಿಗೆ ಅಂಥ ತೂಕಗಳೇ ಇಲ್ಲ, ಅಥವಾ ಇದ್ದರೂ ಯಂತ್ರ ಅಸಾಧ್ಯ ಎನ್ನುವಷ್ಟು ದೊಡ್ಡದಾಗಬೇಕಾಗುತ್ತದೆ ಎಂದು ಅವರು ಸಾಧಿಸಿ ತೋರಿಸಿದರು.

ಇದರ ಅತಿ ಸರಳ ಉದಾಹರಣೆ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಪರಿಚಿತವಾದ ಎಕ್ಸ್‌ಒಆರ್ ಗೇಟ್. ಎರಡು ಸ್ವಿಚ್‌ಗಳಲ್ಲಿ ಒಂದು ಮಾತ್ರ ಆನ್ ಆಗಿದ್ದರೆ ಹೌದು, ಎರಡೂ ಆನ್ ಅಥವಾ ಎರಡೂ ಆಫ್ ಆಗಿದ್ದರೆ ಇಲ್ಲ. ಎರಡು ಸ್ವಿಚ್‌ಗಳ ತೂಕ ಅ ಮತ್ತು ಬ, ದಾಟಬೇಕಾದ ಮಿತಿ ಮ ಎಂದಿರಲಿ. ಎರಡೂ ಆಫ್ ಇದ್ದಾಗ ಮೊತ್ತ 0, ಉತ್ತರ ಇಲ್ಲ. ಆದ್ದರಿಂದ ಮ ಸೊನ್ನೆಗಿಂತ ಕಡಿಮೆ ಇರುವಂತಿಲ್ಲ. ಒಂದೇ ಆನ್ ಇದ್ದಾಗ ಹೌದು ಬರಬೇಕು. ಆದ್ದರಿಂದ ಅ ಮತ್ತು ಬ ಎರಡೂ ಮ ಗಿಂತ ದೊಡ್ಡವು. ಹಾಗಾದರೆ ಅ + ಬ ಎಂಬುದು ಮ ದ ಎರಡರಷ್ಟಕ್ಕಿಂತ ದೊಡ್ಡದು, ಅಂದರೆ ಮ ಗಿಂತಲೂ ದೊಡ್ಡದೇ. ಆದರೆ ಎರಡೂ ಆನ್ ಇದ್ದಾಗ ಇಲ್ಲ ಬರಬೇಕಾದರೆ ಅ + ಬ ಎಂಬುದು ಮ ವನ್ನು ದಾಟಬಾರದು. ಇದು ವಿರೋಧಾಭಾಸ. ಅಂಥ ತೂಕಗಳೇ ಇಲ್ಲ. ರೇಖಾಗಣಿತದ ಮಾತಿನಲ್ಲಿ, ಚೌಕದ ಎದುರುಬದುರು ಮೂಲೆಗಳನ್ನು ಒಂದು ಪಕ್ಷಕ್ಕೆ, ಉಳಿದೆರಡನ್ನು ಇನ್ನೊಂದು ಪಕ್ಷಕ್ಕೆ ಬೇರ್ಪಡಿಸುವ ಒಂದೇ ಒಂದು ಸರಳರೇಖೆ ಎಳೆಯಲಾಗದು.

ಗಣಿತದಲ್ಲಿ ತಪ್ಪಿರಲಿಲ್ಲ. ಆದರೆ ಅದು ಅನ್ವಯಿಸಿದ್ದು ಕಲಿಯುವ ಪದರ ಒಂದೇ ಇರುವ ಜಾಲಕ್ಕೆ. ನಡುವೆ ಇನ್ನೊಂದು ಕಲಿಯುವ ಪದರ ಇದ್ದರೆ ಎಕ್ಸ್‌ಒಆರ್ ಕಷ್ಟವಲ್ಲ. ಇದು ರೋಸೆನ್‌ಬ್ಲಾಟ್ ಅವರಿಗೂ ಗೊತ್ತಿತ್ತು. 1962ರ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಹಲವು ಪದರಗಳ ಜಾಲಗಳನ್ನು ಚರ್ಚಿಸಿದ್ದರು, ತಮ್ಮ ಯಂತ್ರದ ಮಿತಿಗಳನ್ನೂ ಬರೆದಿದ್ದರು, ತಪ್ಪನ್ನು ಹಿಂದಿನ ಪದರಗಳಿಗೆ ದಾಟಿಸುವ ಒಂದು ವಿಧಾನವನ್ನೂ ಪ್ರಯತ್ನಿಸಿದ್ದರು. ಆದರೆ ಅದು ಸಮರ್ಪಕವಾಗಿ ಕೈಗೂಡಲಿಲ್ಲ. ಹಲವು ಪದರಗಳಿದ್ದಾಗ ಕೊನೆಯ ತಪ್ಪಿಗೆ ನಡುವಿನ ಯಾರು ಎಷ್ಟು ಹೊಣೆ ಎಂದು ಹಂಚುವುದು ಹೇಗೆ? ಈ ಪ್ರಶ್ನೆಗೆ ಆಗ ತೃಪ್ತಿಕರ ಉತ್ತರ ಇರಲಿಲ್ಲ.

ಪುಸ್ತಕ ಬರುವ ಮೊದಲೇ ಈ ಕೆಲಸಕ್ಕೆ ಹಣ ಕಡಿಮೆಯಾಗತೊಡಗಿತ್ತು. ಪುಸ್ತಕ ಬಂದ ಮೇಲೆ ನರಜಾಲ ಎಂಬ ಮಾತೇ ಹೊಸ ಸಂಶೋಧಕರಿಗೆ ಅಪಾಯದ ಗುರುತಾಯಿತು. ಒಂದು ಪದರಕ್ಕೆ ಹೇಳಿದ ತೀರ್ಪನ್ನು ಇಡೀ ಕುಲಕ್ಕೇ ಹೇಳಿದಂತೆ ಜನ ಓದಿಕೊಂಡರು. ಹನ್ನೊಂದು ವರ್ಷಗಳ ಹಿಂದೆ ಅತಿಯಾಗಿ ಹೊಗಳಿದ್ದ ಲೋಕ ಈಗ ಅತಿಯಾಗಿಯೇ ತಳ್ಳಿಹಾಕಿತು.

ಇಥಾಕಾದ ಮೇಷ್ಟ್ರು

ರೋಸೆನ್‌ಬ್ಲಾಟ್ ಕಹಿಯಾಗಿ ಕೂರಲಿಲ್ಲ. 1960ರ ದಶಕದಲ್ಲಿ ಅವರು ಕಾರ್ನೆಲ್‌ನಲ್ಲಿ ಅಧ್ಯಾಪಕರಾಗಿದ್ದರು, ಬಳಿಕ ನರಜೀವಶಾಸ್ತ್ರ ಮತ್ತು ವರ್ತನೆಯ ವಿಭಾಗದಲ್ಲಿ ಸಹ ಪ್ರಾಧ್ಯಾಪಕರಾದರು. ಮೆದುಳಿನ ಕೆಲಸದ ಕುರಿತ ಅವರ ಪಾಠಕ್ಕೆ ಎಂಜಿನಿಯರಿಂಗ್‌ನವರೂ ಕಲಾ ವಿಭಾಗದವರೂ ಒಟ್ಟಿಗೆ ಕೂರುತ್ತಿದ್ದರು. ನಾಚಿಕೆಯ ಸ್ವಭಾವ, ಮೃದು ಮಾತು, ಸಂಗೀತದ ಒಲವು, ಹಾಯಿದೋಣಿಯ ಹುಚ್ಚು. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವರಲ್ಲಿ ಅವರೂ ಒಬ್ಬರು. 1968ರ ಅಧ್ಯಕ್ಷೀಯ ಚುನಾವಣೆಯಲ್ಲಿ ಯುದ್ಧವಿರೋಧಿ ಅಭ್ಯರ್ಥಿ ಯೂಜೀನ್ ಮೆಕಾರ್ಥಿ ಪರ ದುಡಿದರು.

ಆ ಕಾಲದಲ್ಲಿ ಒಂದು ವಿಚಿತ್ರ ವಾದ ಹಬ್ಬಿತ್ತು. ತರಬೇತಿ ಪಡೆದ ಪ್ರಾಣಿಯ ಮೆದುಳಿನ ಸಾರವನ್ನು ಇನ್ನೊಂದು ಪ್ರಾಣಿಗೆ ಚುಚ್ಚಿದರೆ ಕಲಿತದ್ದೂ ವರ್ಗಾವಣೆಯಾಗುತ್ತದೆ ಎಂಬ ವಾದ ಅದು. ರೋಸೆನ್‌ಬ್ಲಾಟ್ ಇಲಿಗಳ ಮೇಲೆ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅಂಥ ಪರಿಣಾಮ ಇದ್ದರೂ ಅದು ತೀರ ಅಲ್ಪ ಎಂಬ ತೀರ್ಮಾನಕ್ಕೆ ಬಂದು, ಅದನ್ನೇ ಪ್ರಕಟಿಸಿದರು. ತಾನು ಬಯಸಿದ ಫಲ ಬರಲಿಲ್ಲ ಎಂದು ಬರೆಯುವುದೂ ವಿಜ್ಞಾನವೇ.

ಅವರ ಇನ್ನೊಂದು ಒಲವು ಆಕಾಶ. ಇಥಾಕಾ ಸಮೀಪದ ತಮ್ಮ ಮನೆಯ ಬಳಿ ಅವರು ವೀಕ್ಷಣಾಲಯವನ್ನೇ ಕಟ್ಟಿಕೊಂಡಿದ್ದರು. ಬೇರೆ ನಕ್ಷತ್ರಗಳಿಗೂ ಗ್ರಹಗಳಿವೆಯೇ ಎಂದು ತಿಳಿಯುವುದು ಹೇಗೆ? ಗ್ರಹವು ನಕ್ಷತ್ರದ ಎದುರು ಹಾದುಹೋಗುವಾಗ ನಕ್ಷತ್ರದ ಬೆಳಕು ತುಸು ಮಂಕಾಗುತ್ತದೆ. ಗುರುವಿನಷ್ಟು ದೊಡ್ಡ ಗ್ರಹವಾದರೆ ಸೂರ್ಯನಂಥ ನಕ್ಷತ್ರದ ಬೆಳಕು ನೂರರಲ್ಲಿ ಒಂದರಷ್ಟು, ಭೂಮಿಯಂಥದ್ದಾದರೆ ಹತ್ತು ಸಾವಿರದಲ್ಲಿ ಒಂದರಷ್ಟು ಕಡಿಮೆಯಾಗುತ್ತದೆ. ಎರಡು ಬಣ್ಣಗಳಲ್ಲಿ ಬೆಳಕನ್ನು ಅಳೆದು ಇಂಥ ಹಾಯುವಿಕೆಯನ್ನು ಪತ್ತೆ ಮಾಡಬಹುದು ಎಂಬ ಪ್ರಬಂಧವನ್ನು ಅವರು 1971ರಲ್ಲಿ ಪ್ರಕಟಿಸಿದರು. ಸೌರವ್ಯೂಹದ ಹೊರಗಿನ ಒಂದು ಗ್ರಹವೂ ಆಗ ಗೊತ್ತಿರಲಿಲ್ಲ. 2009ರಲ್ಲಿ ಹಾರಿಸಿದ ಕೆಪ್ಲರ್ ದೂರದರ್ಶಕ, ಗ್ರಹ ಹಾಯುವಾಗ ಬೆಳಕು ಮಂಕಾಗುವುದನ್ನೇ ಅಳೆದು 2,600ಕ್ಕೂ ಹೆಚ್ಚು ಗ್ರಹಗಳನ್ನು ಕಂಡುಹಿಡಿಯಿತು.

ಕೊನೆಯ ಯಾನ

1971ರ ಜುಲೈ 11. ಅಂದು ಅವರಿಗೆ 43 ತುಂಬಿದ ದಿನ. ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯಲ್ಲಿ ದೋಣಿ ಅಪಘಾತಕ್ಕೆ ಸಿಲುಕಿ ರೋಸೆನ್‌ಬ್ಲಾಟ್ ತೀರಿಕೊಂಡರು. ಅವರ ಮುಖ್ಯ ಸಂಶೋಧನೆಯನ್ನು ಆಗ ಹೆಚ್ಚಿನವರು ಮುಗಿದ ಅಧ್ಯಾಯ ಎಂದೇ ಭಾವಿಸಿದ್ದರು. ಮಿನ್ಸ್ಕಿ ಮತ್ತು ಪ್ಯಾಪರ್ಟ್ ತಮ್ಮ ಪುಸ್ತಕದ ನಂತರದ ಮುದ್ರಣವನ್ನು ರೋಸೆನ್‌ಬ್ಲಾಟ್ ಅವರ ನೆನಪಿಗೆ ಅರ್ಪಿಸಿದರು. ವಾದದಲ್ಲಿ ಎದುರಾಳಿಗಳಾಗಿದ್ದವರು ಸಾವಿನ ಮುಂದೆ ಸಲ್ಲಿಸಿದ ಗೌರವ ಅದು.

ಆ ಬಳಿಕ

1986ರಲ್ಲಿ ಡೇವಿಡ್ ರುಮೆಲ್ಹಾರ್ಟ್, ಜೆಫ್ರಿ ಹಿಂಟನ್ ಮತ್ತು ರೊನಾಲ್ಡ್ ವಿಲಿಯಮ್ಸ್ ಪ್ರಕಟಿಸಿದ ಪ್ರಬಂಧವೊಂದು, ತಪ್ಪಿನ ಹೊಣೆಯನ್ನು ಪದರಗಳಿಗೆ ಹಂಚುವ ವಿಧಾನವನ್ನು ಎಲ್ಲರ ಗಮನಕ್ಕೆ ತಂದಿತು. ರೋಸೆನ್‌ಬ್ಲಾಟ್ ಅವರ ಘಟಕ ಮಿತಿ ದಾಟಿದೊಡನೆ 0ಯಿಂದ 1ಕ್ಕೆ ಜಿಗಿಯುತ್ತಿತ್ತು. ಅಂಥ ಮೆಟ್ಟಿಲಿನಲ್ಲಿ ಇಳಿಜಾರು ಅಳೆಯಲಾಗದು. ಮೆಟ್ಟಿಲಿನ ಜಾಗದಲ್ಲಿ ನುಣುಪಾದ ವಕ್ರರೇಖೆಯನ್ನು ಇಟ್ಟರೆ ಅವಕಲನ ಸಾಧ್ಯ. ಅವಕಲನವನ್ನು ಸರಪಳಿ ನಿಯಮದಿಂದ ಹಿಂದಕ್ಕೆ ಎಳೆಯುತ್ತ ಹೋದರೆ ಪ್ರತಿಯೊಂದು ತೂಕದ ಹೊಣೆಯೂ ಲೆಕ್ಕಕ್ಕೆ ಸಿಗುತ್ತದೆ. ಹೌದು, ದ್ವಿತೀಯ ಪಿಯುಸಿ ಗಣಿತದಲ್ಲಿ ನಾವು ಪರೀಕ್ಷೆಗೆಂದು ಮಾಡುವ ಅದೇ ಸರಪಳಿ ನಿಯಮ.

2012ರಲ್ಲಿ ಹಿಂಟನ್ ಅವರ ವಿದ್ಯಾರ್ಥಿಗಳು ಕಟ್ಟಿದ ಅಲೆಕ್ಸ್‌ನೆಟ್ ಎಂಬ ಜಾಲ, 12 ಲಕ್ಷ ಚಿತ್ರಗಳಿಂದ ಕಲಿತು, 1000 ಬಗೆಯ ವಸ್ತುಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹಳ ಹಿಂದೆ ಹಾಕಿತು. ಅದರಲ್ಲಿ ತಿದ್ದಿಕೊಳ್ಳುವ ತೂಕಗಳು ಸುಮಾರು 6 ಕೋಟಿ. ಮಾರ್ಕ್ 1ರ ತಿರುಗಣೆ ಮತ್ತು ಮೋಟಾರುಗಳ ಕೆಲಸವನ್ನು ಈಗ ಚಿಪ್‌ಗಳು ಮಾಡುತ್ತವೆ. ಅಂದಿನ ಪತ್ರಿಕೆ ಊಹಿಸಿದ್ದ ಓದುವ, ಬರೆಯುವ, ಮಾತನಾಡುವ ಯಂತ್ರಗಳು ಬಂದವು, ಒಂದು ವರ್ಷದಲ್ಲಲ್ಲ, ಅರ್ಧ ಶತಮಾನ ಕಳೆದ ಮೇಲೆ. 2024ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಜಾನ್ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ನರಜಾಲಗಳ ಕೆಲಸಕ್ಕಾಗಿಯೇ ಸಂದಿತು. ಎಂಜಿನಿಯರುಗಳ ಜಾಗತಿಕ ಸಂಸ್ಥೆ ಐಇಇಇ 2004ರಲ್ಲಿ ರೋಸೆನ್‌ಬ್ಲಾಟ್ ಹೆಸರಿನಲ್ಲಿ ಪ್ರಶಸ್ತಿ ಸ್ಥಾಪಿಸಿದೆ.

ನಮಗೇನು ಪಾಠ?

ರೋಸೆನ್‌ಬ್ಲಾಟ್ ಅವರ ಬದುಕನ್ನು ಕೊನೆಗೆ ಗೆದ್ದವರ ಕಥೆ ಎಂದು ಓದಿ ಮುಗಿಸಿದರೆ ಅರ್ಧ ಮಾತ್ರ ಓದಿದಂತೆ. ಅವರ ವಿಚಾರ ಸರಿಯಿತ್ತು, ಆದರೆ ಅದರ ಸುತ್ತ ಹಬ್ಬಿದ ಮಾತು ಅತಿಯಾಗಿತ್ತು. ಟೀಕಾಕಾರರ ಗಣಿತ ಸರಿಯಿತ್ತು, ಆದರೆ ಅದನ್ನು ಓದಿದವರ ತೀರ್ಮಾನ ಅತಿಯಾಗಿತ್ತು. ಎರಡೂ ಸಲ ನಷ್ಟವಾದದ್ದು ವಿಜ್ಞಾನಕ್ಕೆ. ಇಂದು ಕೃತಕ ಬುದ್ಧಿಮತ್ತೆ ಎಲ್ಲ ಕೆಲಸವನ್ನೂ ಕಸಿದುಕೊಳ್ಳುತ್ತದೆ ಎನ್ನುವವರೂ ಅದೆಲ್ಲ ಬರೀ ಬೂಟಾಟಿಕೆ ಎನ್ನುವವರೂ ನಮ್ಮ ಮೊಬೈಲಿನಲ್ಲಿ ದಿನವೂ ಸಿಗುತ್ತಾರೆ. ಯಂತ್ರ ನಿಜಕ್ಕೂ ಏನನ್ನು ಮಾಡಿ ತೋರಿಸಿದೆ, ಯಾವ ಷರತ್ತಿನಲ್ಲಿ ತೋರಿಸಿದೆ ಎಂದು ಕೇಳುವ ಅಭ್ಯಾಸ ನಮ್ಮದಾಗಬೇಕು.

ಇನ್ನೊಂದು ಮಾತು. ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂದು ನಾವು ಹದಿನಾರನೇ ವಯಸ್ಸಿಗೇ ಬೇರೆ ಬೇರೆ ಕೋಣೆಗಳಲ್ಲಿ ಕೂರುತ್ತೇವೆ. ಮನಶ್ಶಾಸ್ತ್ರ ಓದಿದವರೊಬ್ಬರು ಗಣಿತವನ್ನೂ ವಿದ್ಯುತ್ತನ್ನೂ ಜೀವಶಾಸ್ತ್ರವನ್ನೂ ಖಗೋಳವನ್ನೂ ತಮ್ಮದಾಗಿಸಿಕೊಂಡರು. ಕೋಣೆ ಯಾವುದೇ ಇರಲಿ, ಪಕ್ಕದ ಕೋಣೆಯ ಪುಸ್ತಕ ತೆರೆಯಲು ಯಾರೂ ಅಡ್ಡಿ ಮಾಡುವುದಿಲ್ಲ.

ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡು ಕುಗ್ಗುವ ನಮ್ಮ ಗೆಳೆಯರಿಗೆ ಪರ್ಸೆಪ್ಟ್ರಾನ್‌ನ ನಿಯಮ ಒಂದು ಸಮಾಧಾನ ಹೇಳುತ್ತದೆ. ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಸರಿ ಉತ್ತರ ಬಂದ ಕಾರ್ಡಿನಿಂದ ಯಂತ್ರ ಹೊಸದೇನನ್ನೂ ಕಲಿಯಲಿಲ್ಲ. ಅದು ಕಲಿತದ್ದೆಲ್ಲ ತಪ್ಪಿದ ಕಾರ್ಡುಗಳಿಂದ. ತಿದ್ದಿ ವಾಪಸ್ ಬಂದ ಉತ್ತರಪತ್ರಿಕೆಯನ್ನು ಮಡಚಿ ಬ್ಯಾಗಿನ ತಳಕ್ಕೆ ಹಾಕುವ ಮೊದಲು, ಕೆಂಪು ಗೆರೆ ಬಿದ್ದ ಪ್ರಶ್ನೆಗಳನ್ನು ಮಾತ್ರ ಇನ್ನೊಮ್ಮೆ ಮಾಡಿ ನೋಡೋಣ.